ಶಾರ್ಟ್ ಫಿಲ್ಮ್ ವಿಶ್ಲೇಷಣೆ ಬರೆದೆ, ಮೇಷ್ಟ್ರು ‘ಇದು ದಿನಸಿ ಪಟ್ಟಿ’ ಅಂದರು. ಎಲ್ಲಿ ಎಡವಿದೆ?

ಬೈಟು_ಕಾಫಿ:
ನಮಸ್ಕಾರ. ನಾನು ಜರ್ನಲಿಸಂ ಎರಡನೇ ವರ್ಷ. ಕಾಲೇಜಿನ ಸೀನಿಯರ್‌ಗಳು ಮಾಡಿದ 12 ನಿಮಿಷದ ಶಾರ್ಟ್ ಫಿಲ್ಮ್ ನೋಡಿ ಕ್ಯಾಮೆರಾ, ಎಡಿಟಿಂಗ್, ಸೌಂಡ್, ಸ್ಟೇಜಿಂಗ್ (ಪಾತ್ರಗಳು ಎಲ್ಲಿ ಇರ್ತಾರೆ, ಹೇಗೆ ಓಡಾಡ್ತಾರೆ ಅನ್ನೋದು) ಬಗ್ಗೆ ಬರೆಯಬೇಕಿತ್ತು. ನಾಲ್ಕು ಪುಟ ಬರೆದೆ. ಮೇಲ್ಗಡೆ ‘ಇದು ದಿನಸಿ ಪಟ್ಟಿ’ ಅಂತ ಕೆಂಪು ಇಂಕಲ್ಲಿ ಬರೆದು ವಾಪಸ್ ಕೊಟ್ಟಿದ್ದಾರೆ.

ಫಿಲ್ಮ್ ಲಿಂಕ್ ಹಾಕಿದ್ದೇನೆ. ಕಥೆ ಇಷ್ಟೇ. ತ್ಯಾಗರಾಜನಗರದ ಹಳೇ ಬಾಡಿಗೆ ಮನೆ, ಹೆಂಡತಿ ತೀರಿಹೋದ ಮೇಲೆ ಒಬ್ಬರೇ ಇರುವ ಅಪ್ಪ. ವೈಟ್‌ಫೀಲ್ಡಿನಿಂದ ಮಗಳು ಬಂದಿದ್ದಾಳೆ, ಸಾಮಾನು ಕಟ್ಟಿ ಅಪ್ಪನನ್ನು ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋಗೋಕೆ. ಅಪ್ಪ ಬರಲ್ಲ ಅನ್ನುವುದಿಲ್ಲ, ಬರ್ತೀನಿ ಅಂತಲೂ ಅನ್ನುವುದಿಲ್ಲ.

ನಾನು ಬರೆದದ್ದು: ಹೈ ಆಂಗಲ್ (ಮೇಲಿನಿಂದ ಕೆಳಗೆ ನೋಡುವ ಕ್ಯಾಮೆರಾ) ಇದೆ, ಆದ್ದರಿಂದ ಅಪ್ಪ ಅಸಹಾಯಕ. ಅಡುಗೆಮನೆಯಲ್ಲಿ ಬೆಳಕು ಮಿನುಗುತ್ತೆ, ಅದು ಅವರ ಮನಸ್ಸಿನ ತಳಮಳ. ಒಟ್ಟು 40 ಶಾಟ್ (ಒಂದು ಕಟ್‌ನಿಂದ ಇನ್ನೊಂದು ಕಟ್‌ವರೆಗಿನ ತುಣುಕು), ಸರಾಸರಿ 18 ಸೆಕೆಂಡ್, ಆದ್ದರಿಂದ ನಿಧಾನಗತಿ. ಕೊನೆಗೆ ಪರದೆ ಕಪ್ಪಾದ ಮೇಲೂ ಫ್ಯಾನ್ ಸದ್ದು ಕೇಳುತ್ತೆ, ಅದು ಒಂಟಿತನ. ಒಂದು ಕಡೆ 180 ಡಿಗ್ರಿ ರೂಲ್ ಮುರಿದಿದ್ದಾರೆ, ಅದು ತಪ್ಪು. ಇದರಲ್ಲಿ ಏನು ಕಮ್ಮಿ ಆಯ್ತು? ಸೋಮವಾರ ಮತ್ತೆ ಕೊಡಬೇಕು.

50_ಹರ್ಟ್ಜ್:
ಅದು ಮನಸ್ಸಿನ ತಳಮಳ ಅಲ್ಲ ಗುರು, ಟ್ಯೂಬ್‌ಲೈಟಿನ ತಳಮಳ 😀 ನಮ್ಮಲ್ಲಿ ಕರೆಂಟ್ 50 ಹರ್ಟ್ಜ್. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಹೊಳೆದು ಮಂಕಾಗುತ್ತೆ. ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತೆ. ಶಟರ್, ಅಂದರೆ ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, 1/50 ಅಥವಾ 1/100 ಸೆಕೆಂಡ್ ಇದ್ದರೆ ಪ್ರತಿ ಫ್ರೇಮಿಗೂ ಒಂದೇ ಅಳತೆ ಬೆಳಕು ಸಿಗುತ್ತೆ. 1/60 ಇಟ್ಟರೆ ಒಂದಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ. ಕಿಟಕಿ ಬೆಳಕಿನ ಸೀನುಗಳಲ್ಲಿ ಎಲ್ಲೂ ಮಿನುಗಿಲ್ಲ, ನೋಡಿ. ನಾನು ಇದೇ ತಪ್ಪು ಮಾಡಿ ಒಂದು ಛತ್ರದ ಸೀನ್ ಪೂರ್ತಿ ಕಳಕೊಂಡಿದ್ದೇನೆ. ಆ ಸಾಲು ಹೊಡೆದು ಹಾಕಿ.

ಸೈಡ್‌ವಿಂಗ್:
ನಾನು ನಾಟಕದವನು, ಕ್ಯಾಮೆರಾ ಅಷ್ಟು ಗೊತ್ತಿಲ್ಲ. ಆದರೆ ಫಿಲ್ಮ್ ನೋಡಿದೆ.

ಅಪ್ಪ ದಿವಾನ್ ಮೇಲೆ ಕೂತಿದ್ದಾರೆ, ಮಗಳು ನಿಂತು ಪ್ಯಾಕ್ ಮಾಡ್ತಿದ್ದಾಳೆ. ಕ್ಯಾಮೆರಾ ಅವಳ ಕಣ್ಣಿನ ಎತ್ತರದಲ್ಲಿದೆ, ಹಾಗಾಗಿ ಅಪ್ಪ ಮೇಲಿನಿಂದ ಕಾಣ್ತಾರೆ. ಆಮೇಲೆ ಅವಳು ಅಮ್ಮನ ಸ್ಟೀಲ್ ಡಬ್ಬ ತೆಗೆದು ನೆಲಕ್ಕೆ ಕೂರುತ್ತಾಳಲ್ಲ, ಕ್ಯಾಮೆರಾನೂ ಅವಳ ಜೊತೆ ಕೆಳಗೆ ಇಳಿಯುತ್ತೆ. ಈಗ ಅದೇ ಅಪ್ಪ ಕೆಳಗಿನಿಂದ ಕಾಣ್ತಾರೆ. ನಿಮ್ಮ ಲೆಕ್ಕದಲ್ಲಿ ಅಸಹಾಯಕ ಅಪ್ಪ ಒಂದೇ ನಿಮಿಷದಲ್ಲಿ ಬಲಶಾಲಿ ಆಗಿಬಿಟ್ಟರಾ? ಇಲ್ಲ. ಕೂತ ಜಾಗದಿಂದ ಅವರು ಅಲ್ಲಾಡೇ ಇಲ್ಲ, ಬದಲಾದದ್ದು ಅವಳು. ನಾವು ಇಡೀ ಸೀನ್ ಅವಳ ಎತ್ತರದಿಂದ ನೋಡ್ತಾ ಇದ್ದೀವಿ.

ಇನ್ನೊಂದು. ಅಪ್ಪ ಒಂದು ಸಲವೂ ಅಡುಗೆಮನೆ ಹೊಸ್ತಿಲು ದಾಟಲ್ಲ. ನೀರು ಬೇಕಾದಾಗಲೂ ಹೊಸ್ತಿಲ ಆಚೆ ನಿಂತು ಕೈ ಚಾಚ್ತಾರೆ. ಯಾಕೆ ಅಂತ ಯಾರೂ ಮಾತಲ್ಲಿ ಹೇಳಲ್ಲ. ಸ್ಟೇಜಿಂಗ್ ಅಂದರೆ ಇದೇ. ಇದರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ.

ಕತ್ತರಿ_ಪ್ರಯೋಗ:
ಸರಾಸರಿ ಅನ್ನೋದು ಮೋಸ. 18 ಸೆಕೆಂಡ್ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಒಂದು ಹಾಳೆ ತಗೊಳ್ಳಿ, ಪ್ರತಿ ನಿಮಿಷಕ್ಕೆ ಎಷ್ಟು ಕಟ್ ಅಂತ ಗೀಟು ಹಾಕಿ, ಸೌಂಡ್ ಮ್ಯೂಟ್ ಮಾಡಿ. ಗೀಟು ಎಲ್ಲಿ ದಟ್ಟ ಆಗುತ್ತೋ ಅಲ್ಲಿಗೆ ಹೋಗಿ, ಅಲ್ಲಿ ಕಥೆಯಲ್ಲಿ ಏನಾಯ್ತು ಅಂತ ಬರೆಯಿರಿ.

ಈಗ 180 ಡಿಗ್ರಿ. ಎದುರುಬದುರು ಇರುವ ಇಬ್ಬರ ನಡುವೆ ಒಂದು ಗೆರೆ ಇದೆ ಅಂದುಕೊಳ್ಳಿ. ಕ್ಯಾಮೆರಾ ಗೆರೆಯ ಒಂದೇ ಬದಿಯಲ್ಲಿ ಇದ್ದರೆ ಅಪ್ಪ ಬಲಕ್ಕೆ, ಮಗಳು ಎಡಕ್ಕೆ ನೋಡ್ತಾರೆ, ಹಾಗಾಗಿ ಕಟ್ ಆದರೂ ಇಬ್ಬರೂ ಮುಖಾಮುಖಿ ಇದ್ದಾರೆ ಅಂತ ಅನ್ನಿಸುತ್ತೆ. ದಾಟಿದರೆ ಇಬ್ಬರೂ ಒಂದೇ ಕಡೆ ನೋಡಿದ ಹಾಗೆ ಕಾಣುತ್ತೆ, ಕಣ್ಣಿಗೆ ಕಣ್ಣು ಸೇರಲ್ಲ. ಈ ಫಿಲ್ಮಿನಲ್ಲಿ ಅದು ಆಗೋದು ಒಂದೇ ಸಲ, ‘ಓನರ್‌ಗೆ ಹೇಳಾಯ್ತಪ್ಪ’ ಅಂತ ಅವಳು ಅಂದ ತಕ್ಷಣ. ಉಳಿದ ಕಡೆ ಎಲ್ಲೂ ದಾಟಿಲ್ಲ, ಅಂದರೆ ರೂಲ್ ಗೊತ್ತು ಅವರಿಗೆ. ತಪ್ಪು ಅಂತ ಬರೆಯೋ ಮೊದಲು, ಅದೇ ಸೀನ್ ಸರಿಯಾದ ಕಡೆಯಿಂದ ತೆಗೆದಿದ್ದರೆ ಏನು ಕಳೆದುಹೋಗ್ತಿತ್ತು ಅಂತ ಯೋಚನೆ ಮಾಡಿ.

ಕುಕ್ಕರ್ ವಿಶಲ್ ಗಮನಿಸಿದ್ರಾ? ಅಡುಗೆಮನೆ ಕಾಣುವ ಮೊದಲೇ ಅಪ್ಪನ ಮುಖದ ಮೇಲೆ ಕೇಳುತ್ತೆ. ಸದ್ದು ಮೊದಲು, ಚಿತ್ರ ಆಮೇಲೆ. ಜೆ ಕಟ್ ಅಂತಾರೆ. ಅರ್ಧ ಸೆಕೆಂಡು ಅವರ ಮುಖ ಅರಳುತ್ತೆ, ಆಮೇಲೆ ಅಡುಗೆಮನೇಲಿ ಮಗಳನ್ನು ತೋರಿಸ್ತಾರೆ. ಆ ಅರ್ಧ ಸೆಕೆಂಡಲ್ಲಿ ಅಲ್ಲಿ ಯಾರಿದ್ದಾರೆ ಅಂದುಕೊಂಡರು ಅವರು?

ಬೂಮ್_ಹಿಡಿದವ:
ಫ್ಯಾನ್ ವಿಷಯ ಬಿಡಿಸಿ ಹೇಳ್ತೀನಿ. ಶೂಟಿಂಗಲ್ಲಿ ನಾವು ಮೊದಲು ಮಾಡೋ ಕೆಲಸ ಫ್ಯಾನ್ ಆಫ್, ಫ್ರಿಜ್ ಆಫ್. ಆ ಗುಂಯ್ ಅನ್ನೋದು ಡೈಲಾಗ್ ಜೊತೆ ಅಂಟಿಕೊಂಡರೆ ಬಿಡಿಸೋಕೆ ಕಷ್ಟ, ಕಟ್ ಮಾಡಿದ ಕಡೆಯೆಲ್ಲ ಸದ್ದು ಎಗರುತ್ತೆ. (ಫ್ರಿಜ್ ಆಫ್ ಮಾಡಿದಾಗ ಗಾಡಿ ಕೀ ಒಳಗಿಡಿ. ಆನ್ ಮಾಡದೆ ಮನೆಗೆ ಹೋಗೋಕೆ ಆಗಲ್ಲ. ಹಾಲು ಕೆಟ್ಟು ಬೈಸಿಕೊಂಡ ಮೇಲೆ ಕಲಿತದ್ದು.) ಹೊರಡೋ ಮೊದಲು ಎಲ್ಲರನ್ನೂ ಸುಮ್ನೆ ನಿಲ್ಲಿಸಿ ಒಂದು ನಿಮಿಷ ಖಾಲಿ ರೂಮಿನ ಸದ್ದು ರೆಕಾರ್ಡ್ ಮಾಡ್ತೀವಿ, ರೂಮ್ ಟೋನ್ ಅಂತ. ಬೆಂಗಳೂರಲ್ಲಿ ಆ ಒಂದು ನಿಮಿಷ ಸಿಗೋದೇ ಪುಣ್ಯ. ಪಾರಿವಾಳ ಬಿಟ್ಟರೆ ಬೋರ್‌ವೆಲ್, ಬೋರ್‌ವೆಲ್ ಬಿಟ್ಟರೆ ಸೊಪ್ಪಿನವರು.

ಹಾಗಾಗಿ ಫಿಲ್ಮಲ್ಲಿ ಫ್ಯಾನ್ ಸದ್ದು ಕೇಳಿದರೆ, ಬಹುಮಟ್ಟಿಗೆ ಯಾರೋ ಆಮೇಲೆ ಬೇಕು ಅಂತ ಹಾಕಿದ್ದಾರೆ. ಎಲ್ಲಿಂದ ಶುರು ಆಗುತ್ತೆ ನೋಡಿ. ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ಕೇಳಿ. ಒಂಟಿತನ ಅನ್ನೋ ಪದವನ್ನು ಮಾತ್ರ ಬಳಸಬೇಡಿ.

ಬೈಟು_ಕಾಫಿ:
ನಿನ್ನೆ ರಾತ್ರಿ ಕೂತು ಗೀಟು ಹಾಕಿದೆ. ಮೊದಲ 9 ನಿಮಿಷಕ್ಕೆ 18 ಶಾಟ್, ಕೊನೆಯ 3 ನಿಮಿಷಕ್ಕೆ 22! ಅಂದರೆ ಮೊದಲು 30 ಸೆಕೆಂಡಿಗೊಂದು, ಆಮೇಲೆ ಸುಮಾರು 8 ಸೆಕೆಂಡಿಗೊಂದು. ಬದಲಾಗೋದು ಸ್ಟೀಲ್ ಡಬ್ಬ ತೆಗೆದ ಮೇಲೆ. ನಾನು ನಿಧಾನಗತಿ ಅಂತ ಬರೆದಿದ್ದೆ, ಥೂ.

ಫ್ಯಾನ್ ಸದ್ದೂ ಅಲ್ಲಿಂದಲೇ ಶುರು. ಅದಕ್ಕೆ ಮೊದಲು ಎಷ್ಟು ಕೇಳಿದರೂ ಇಲ್ಲ. ಆಮೇಲೆ ಫ್ಯಾನ್ ಹುಡುಕಿದೆ, ಒಂದೇ ಒಂದು ಫ್ರೇಮಲ್ಲೂ ಕಾಣಲ್ಲ. ಸೀನಿಯರ್‌ನ ಕೇಳಿದರೆ ನಕ್ಕರು, ಹಾಸ್ಟೆಲ್ ರೂಮಿನ ಫ್ಯಾನಂತೆ ಅದು.

ಆದರೆ @ಕತ್ತರಿ_ಪ್ರಯೋಗ, ಗೆರೆ ದಾಟಿದ ಶಾಟ್ ಬಗ್ಗೆ ಕೇಳಿದಾಗ ‘ಆ ಕಡೆ ಬೀರು ಇತ್ತು, ಟ್ರೈಪಾಡ್ ನಿಲ್ಲಲಿಲ್ಲ’ ಅಂದರು. ಈಗ ಏನು ಬರೀಲಿ? ಬೇಕು ಅಂತ ಮಾಡಿದ್ದೇ ಅಲ್ವಲ್ಲ.

ಸೈಡ್‌ವಿಂಗ್:
ಹಹ್ಹ. ನಮ್ಮ ನಾಟಕದ ಅರ್ಧ ಬ್ಲಾಕಿಂಗ್ (ಯಾರು ಎಲ್ಲಿ ನಿಲ್ಲಬೇಕು ಅನ್ನೋದು) ಬೀರುಗಳೇ ಮಾಡಿದ್ದು.

ಕತ್ತರಿ_ಪ್ರಯೋಗ:
ಅದು ಕ್ಯಾಮೆರಾದವರ ಉತ್ತರ. ಎಡಿಟ್ ಯಾರು ಮಾಡಿದ್ದು? ಆ ಮಾತಿಗೆ ಬೇರೆ ಟೇಕ್ ಇತ್ತಾ ಅಂತ ಅವರನ್ನು ಕೇಳಿ.

ಬೈಟು_ಕಾಫಿ:
ಕೇಳಿದೆ. ಮೂರು ಟೇಕ್ ಇತ್ತಂತೆ. ಅದರಲ್ಲಿ ಎರಡು ಟೇಕ್, ಬೀರು ಸರಿಸಿದ ಮೇಲೆ ತೆಗೆದದ್ದು, ಸರಿಯಾದ ಕಡೆಯಿಂದ.