ಡ್ರೋನ್ ಒಯ್ಯೋಕ ಎಂಥ ಬ್ಯಾಗ್ ತಗೋಬೇಕ್ರಿ?

ಪ್ರಶ್ನೆ (ಗಂಗಾವತಿ): ನಮಸ್ಕಾರ ಸರ್. ಮದುವಿ, ಕುಬುಸ, ಗೃಹಪ್ರವೇಶದ ವಿಡಿಯೊ ಮಾಡ್ತೀನ್ರಿ. ಡಿಜೆಐ ಏರ್ 2ಎಸ್ ಡ್ರೋನ್ ಐತಿ, ಮೂರು ಬ್ಯಾಟರಿ. ಜೊತಿಗೆ ಒಂದು ಮಿರರ್‌ಲೆಸ್ ಕ್ಯಾಮೆರಾ, ಎರಡು ಲೆನ್ಸ್. ಕಾರಟಗಿ, ಕನಕಗಿರಿ, ಸಿಂಧನೂರು ಅಂತ ಓಡಾಟ ಎಲ್ಲಾ ಬೈಕ್ ಮ್ಯಾಲೆ. ಹಳೇ ಹೆಗಲಚೀಲ ಹರದೈತಿ. ಆನ್‌ಲೈನ್‌ನಾಗ ಮೂರು ಥರ ಕಾಣ್ತಾವ: ಗಟ್ಟಿ ಚಿಪ್ಪಿನ ಬ್ಯಾಕ್‌ಪ್ಯಾಕ್, ಒಳಗ ಅಡ್ಡಗೋಡಿ ಹೊಂದಿಸೋ ಕ್ಯಾಮೆರಾ ಬ್ಯಾಗ್, ಇಲ್ಲಾಂದ್ರ ಡ್ರೋನ್ ಅಳತಿಗೆ ಫೋಮ್ ಕೊರದಿರೋ ಪೆಟ್ಟಿಗಿ. ಯಾವುದು ತಗೊಳ್ಳಿ?

ಉತ್ತರ (ಕ್ಯಾಮೆರಾ, ಡ್ರೋನ್ ರಿಪೇರಿ, ಬಳ್ಳಾರಿ): ನಿಮ್ಮ ಕೆಲಸಕ್ಕೆ ಎರಡನೆಯದು. ಯಾಕೆ ಅಂತ ಹೇಳ್ತೀನಿ, ಬ್ರ್ಯಾಂಡ್ ಯಾವುದಾದರೂ ಇರಲಿ.

ಬ್ಯಾಗ್‌ನಲ್ಲೇ ಪೆಟ್ಟು ತಿಂದು ನನ್ನ ಮೇಜಿಗೆ ಬರುವ ಡ್ರೋನ್‌ಗಳಲ್ಲಿ ದೇಹ ಒಡೆದದ್ದು ಕಡಿಮೆ, ಜಿಂಬಲ್, ಅಂದರೆ ಕ್ಯಾಮೆರಾ ಅಲುಗದಂತೆ ಹಿಡಿಯುವ ಭಾಗ, ಕೆಟ್ಟದ್ದೇ ಜಾಸ್ತಿ. ಕ್ಯಾಮೆರಾ ಮೂರು ಪುಟ್ಟ ಮೋಟಾರ್‌ಗಳ ಮೇಲೆ, ರಬ್ಬರ್ ಡ್ಯಾಂಪರ್‌ಗಳಿಗೆ ನೇತಾಡಿಕೊಂಡಿರುತ್ತದೆ. ಒಂದು ಸಲ ಬಿದ್ದರೆ ಅದು ಹೋಗಬಹುದು, ಹೋಗದೆಯೂ ಇರಬಹುದು. ಆದರೆ ಸಿಂಧನೂರು ರಸ್ತೆಯ ತಗ್ಗುದಿನ್ನೆಯಲ್ಲಿ ಗಂಟೆಗಟ್ಟಲೆ ಒಳಗೇ ಅಲುಗಾಡಿದರೆ ರಬ್ಬರ್ ಕಿತ್ತು ಬರುತ್ತದೆ, ರಿಬ್ಬನ್ ಕೇಬಲ್ ಹರಿಯುತ್ತದೆ. ಹೊರಗೆ ಎಷ್ಟೇ ಗಟ್ಟಿ ಚಿಪ್ಪು ಇರಲಿ, ಒಳಗೆ ಡ್ರೋನ್ ಒಂದು ಬೆರಳಿನಷ್ಟು ಸರಿದಾಡಿದರೂ ದುಡ್ಡು ದಂಡ.

ಹಾಗಾಗಿ ಅಂಗಡಿಗೆ ಹೋದರೆ ಡ್ರೋನ್ ಒಯ್ಯಿರಿ. ಏರ್ 2ಎಸ್ ಮಡಿಚಿದಾಗ 180 × 97 × 77 ಮಿ.ಮೀ., ತೂಕ 595 ಗ್ರಾಂ. ಜಿಂಬಲ್ ಕವರ್ ಹಾಕಿ, ಅಡ್ಡಗೋಡೆಗಳ ನಡುವೆ ಇಟ್ಟು, ಜಿಪ್ ಹಾಕಿ ಬ್ಯಾಗ್ ಅಲ್ಲಾಡಿಸಿ. ಸಪ್ಪಳ ಬಂದರೆ ಗೋಡೆ ಹತ್ತಿರ ತನ್ನಿ. ಹಾಗಂತ ಒತ್ತಿ ತುರುಕಬೇಡಿ. ರೆಕ್ಕೆಗಳು ಪ್ಲಾಸ್ಟಿಕ್, ನಮ್ಮ ಬಿಸಿಲಿಗೆ ಒತ್ತಡದಲ್ಲಿ ಬಾಗಿಕೊಂಡೇ ಉಳಿಯುತ್ತವೆ. ಆಮೇಲೆ ವಿಡಿಯೊ ನಡುಗುತ್ತದೆ, ನೀವು ಜಿಂಬಲ್ ಕೆಟ್ಟಿದೆ ಅಂತ ನನ್ನ ಹತ್ತಿರ ಬರ್ತೀರಿ.

ಫೋಮ್ ಹೆಬ್ಬೆರಳಿನಿಂದ ಒತ್ತಿ ನೋಡಿ. ಒತ್ತಿದ ಕಡೆ ಗುಂಡಿ ಬಿದ್ದು ಹಾಗೇ ಉಳಿದರೆ ಬೇಡ. ತಳದಲ್ಲಿ ಫೋಮ್ ದಪ್ಪ ಇರಬೇಕು, ಬ್ಯಾಗ್ ಕೆಳಗಿಡುವಾಗ ಏಟು ಬೀಳುವುದು ಅಲ್ಲೇ. ಬೆನ್ನಿಗೆ ಹಾಕಿಕೊಂಡಾಗ ಡ್ರೋನ್‌ನ ಕ್ಯಾಮೆರಾ ತುದಿ ಮೇಲೆ, ಬ್ಯಾಟರಿ ತುದಿ ಕೆಳಗೆ ಬರುವಂತೆ ಇಡಿ.

ಬೆನ್ನ ಕಡೆಯಿಂದ ತೆರೆಯುವ ಬ್ಯಾಗ್ ಸಿಕ್ಕರೆ ಅದನ್ನೇ ತಗೊಳ್ಳಿ. ಹೊಲದಲ್ಲಿ ಬ್ಯಾಗ್ ಮಲಗಿಸಿದಾಗ ಎರೆಮಣ್ಣು ಹತ್ತುವುದು ಮುಂಭಾಗಕ್ಕೆ, ಬೆನ್ನಿಗೆ ತಾಗುವ ಪಟ್ಟಿಗಳಿಗಲ್ಲ. ಗವಿಮಠದ ಜಾತ್ರೆಯಂಥ ಗದ್ದಲದಲ್ಲಿ ಹಿಂದಿನಿಂದ ಯಾರೂ ಜಿಪ್ ಎಳೆಯುವಂತೆಯೂ ಇಲ್ಲ. ಎದೆಪಟ್ಟಿ, ಸೊಂಟಪಟ್ಟಿ ಎರಡೂ ಇರಲಿ. ಬೈಕ್ ಮೇಲೆ ಎದೆಪಟ್ಟಿ ಹಾಕದಿದ್ದರೆ ಪ್ರತಿ ತಗ್ಗಿಗೂ ಬ್ಯಾಗ್ ಹಾರಿ ಬೆನ್ನಿಗೆ ಬಡಿಯುತ್ತದೆ.

ಇನ್ನೊಂದು. ಬ್ಯಾಗ್ ಅನ್ನು ಹಿಂದಿನ ಕ್ಯಾರಿಯರ್‌ಗೆ ಕಟ್ಟಬೇಡಿ, ಚಾಸಿಯ ನಡುಕ ಪೂರ್ತಿ ಅದಕ್ಕೇ ಬರುತ್ತದೆ. ಬೆನ್ನ ಮೇಲಿದ್ದರೆ ಅರ್ಧ ಏಟು ನಿಮ್ಮ ಮೈ ತಿನ್ನುತ್ತದೆ. ಪೆಟ್ರೋಲ್ ಟ್ಯಾಂಕಿಗೆ ಅಯಸ್ಕಾಂತದಿಂದ ಅಂಟುವ ಬ್ಯಾಗ್‌ನಲ್ಲಿ ಡ್ರೋನ್ ಇಡಲೇಬೇಡಿ, ಅದರೊಳಗಿನ ದಿಕ್ಸೂಚಿ ಕೆಡಬಹುದು.

ಪ್ರಶ್ನೆ (ಕೊಪ್ಪಳ): ಅಣ್ಣ, ನಂದು ಮಿನಿ ಡ್ರೋನ್. 249 ಗ್ರಾಮಿನದು. ಸ್ಟೀಲ್ ಡಬ್ಬಿಯೊಳಗ ಟವೆಲ್ ಸುತ್ತಿ ಕಾಲೇಜ್ ಬ್ಯಾಗಿಗೆ ಹಾಕ್ಕೊಂಡು ಇಟಗಿ, ಕುಕನೂರು ತಿರಗ್ತೀನಿ. ಏನೂ ಆಗಿಲ್ಲ. ಇಷ್ಟೆಲ್ಲಾ ಬೇಕೇನು?

ಉತ್ತರ: ಬೇಕಿಲ್ಲ ತಮ್ಮ. ಮಿನಿಗೆ ದೊಡ್ಡ ಬ್ಯಾಗ್ ತಗೊಂಡರೆ ಉಳಿದ ಜಾಗದಲ್ಲಿ ನೀರಿನ ಬಾಟಲಿ, ಚಾರ್ಜರ್, ಮಂಡಕ್ಕಿ ಪೊಟ್ಟಣ ಎಲ್ಲಾ ಸೇರಿ ಅವೇ ಡ್ರೋನ್‌ಗೆ ಬಡಿಯುತ್ತವೆ. ಅಳತೆಗೆ ಕೊರೆದ ಗಟ್ಟಿ ಫೋಮ್ ಪೆಟ್ಟಿಗೆ ಒಂದು, ಅದನ್ನು ಮಾಮೂಲಿ ಬ್ಯಾಗ್‌ನೊಳಗೆ ಹಾಕಿಕೋ, ಸಾಕು. ಟವೆಲ್ ಮಾತ್ರ ಬಿಡು, ಅದರ ನೂಲು ಮೋಟಾರ್‌ಗೆ ಸುತ್ತಿಕೊಳ್ಳುತ್ತದೆ. ಮತ್ತೆ, ಇಟಗಿಯ ಮಹಾದೇವ ದೇವಾಲಯ 1112ರದು, ಪುರಾತತ್ವ ಇಲಾಖೆಯ ಸ್ಮಾರಕ. ಡ್ರೋನ್ ಚಿಕ್ಕದು ಅಂತ ಅನುಮತಿ ಇಲ್ಲದೆ ಅಲ್ಲಿ ಹಾರಿಸಬೇಡ. ಹಂಪಿಗೂ ಇದೇ ಮಾತು.

ಪ್ರಶ್ನೆ (ರಾಯಚೂರು): ಸರ್, ನಮ್ಮಲ್ಲಿ ಬ್ಯಾಗಿಗಿಂತ ಬಿಸಿಲೇ ಸಮಸ್ಯೆ. ಏಪ್ರಿಲ್‌ನಲ್ಲಿ ಮದುವೆ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕಾರಿನಲ್ಲಿಟ್ಟ ಬ್ಯಾಗ್ ಮುಟ್ಟಲಿಕ್ಕೆ ಆಗುತ್ತಿರಲಿಲ್ಲ. ಈಗ ಒಂದು ಬ್ಯಾಟರಿ ಉಬ್ಬಿದೆ. ಬಿಸಿ ತಡೆಯುವ ಬ್ಯಾಗ್ ಯಾವುದಾದರೂ ಇದೆಯೇ?

ಉತ್ತರ: ಮೊದಲು ಆ ಉಬ್ಬಿದ ಬ್ಯಾಟರಿ ಬ್ಯಾಗ್‌ನಿಂದ ಹೊರಗೆ ತೆಗೀರಿ. ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಒತ್ತಿ ಸಪಾಟು ಮಾಡೋಕೆ ಹೋಗಬೇಡಿ. ಸುಡುವ ವಸ್ತು ಹತ್ತಿರ ಇಲ್ಲದ ಕಡೆ ಇಟ್ಟು, ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ. ಕಸದ ಗಾಡಿಗೆ ಬೇಡ.

ಮುಚ್ಚಿದ ಕಾರಿನ ಬಿಸಿಯನ್ನು ಗಂಟೆಗಟ್ಟಲೆ ತಡೆಯುವ ಬ್ಯಾಕ್‌ಪ್ಯಾಕ್ ಇಲ್ಲ. ಒಳಗೆ ಬೆಳ್ಳಿಬಣ್ಣದ ಹಾಳೆ ಹಚ್ಚಿದ ಬ್ಯಾಗ್ ಸ್ವಲ್ಪ ಹೊತ್ತು ತಡೆಯುತ್ತದೆ. ಆದರೆ ಹಾರಿಸಿ ಬಂದ ಬಿಸಿ ಬ್ಯಾಟರಿಯನ್ನು ಅದರೊಳಗೆ ಇಟ್ಟರೆ ಬಿಸಿ ಹೊರಗೂ ಹೋಗುವುದಿಲ್ಲ. ಅಂಥ ಬ್ಯಾಟರಿ ನೆರಳಲ್ಲಿ ತಣ್ಣಗಾಗಲಿ, ಆಮೇಲೆ ಬ್ಯಾಗ್‌ಗೆ. ಈ ಡ್ರೋನ್‌ಗಳ ಬ್ಯಾಟರಿ ಚಾರ್ಜ್ ಆಗಬೇಕಾದ್ದು 5ರಿಂದ 40 ಡಿಗ್ರಿ ನಡುವೆ, ರಾಯಚೂರಿನ ಬೇಸಿಗೆ ಮಧ್ಯಾಹ್ನ ಹೊರಗಿನ ಗಾಳಿಯೇ 40 ದಾಟುತ್ತದೆ. ಬ್ಯಾಗ್ ಕೊಳ್ಳುವಾಗ ಕಪ್ಪು ಬಿಟ್ಟು ಬೂದು, ತಿಳಿ ಬಣ್ಣ ನೋಡಿ. ಬ್ಯಾಟರಿಗೆ ಬೇರೆ ಖಾನೆ ಇರಲಿ, ಬೀಗದ ಕೈ, ಚಿಲ್ಲರೆ ಅದರ ತುದಿಗಳಿಗೆ ತಾಗದಂತೆ. ಊಟಕ್ಕೆ ಹೋಗುವಾಗ ಬ್ಯಾಗ್ ಜೊತೆಗೇ ಒಯ್ಯಿರಿ, ಪಂಕ್ತಿಯಲ್ಲಿ ಕಾಲ ಹತ್ತಿರ ಇಟ್ಟುಕೊಂಡರೆ ಯಾರೂ ಏನೂ ಅನ್ನಲ್ಲ.

ಪ್ರಶ್ನೆ (ಬಳ್ಳಾರಿ): ಸಂಡೂರು ಕಡೆ ಕೆಲಸ ಸರ್. ಅದಿರು ಲಾರಿಗಳ ಕೆಂಪು ದೂಳು ಜಿಪ್ ದಾಟಿ ಒಳಗೆ ಬರುತ್ತೆ. ಮಳೆ ಕವರ್ ಹಾಕಿದರೆ ನಿಲ್ಲುತ್ತಾ?

ಉತ್ತರ: ಅರ್ಧ ನಿಲ್ಲುತ್ತೆ. ಮಳೆ ಕವರ್ ಬೆನ್ನಿನ ಕಡೆ ತೆರೆದೇ ಇರುತ್ತೆ. ಅದಿರಿನ ನಡುವೆಯೇ ದಿನಾ ಇರುವವರಿಗೆ ಮಾತ್ರ ನಾನು ರಬ್ಬರ್ ಅಂಚಿನ ಗಟ್ಟಿ ಪೆಟ್ಟಿಗೆ ಹೇಳೋದು, ಭಾರ ಆದರೂ ಸರಿ. ಡ್ರೋನ್ ಮೋಟಾರ್ ಒಳಗೆ ಅಯಸ್ಕಾಂತ ಇರುತ್ತೆ. ದೂಳಿನಲ್ಲಿ ಅದಕ್ಕೆ ಅಂಟುವ ಕಣ ಇದ್ದರೆ ಊದಿದರೂ ಬಿಡಲ್ಲ. ಬ್ಯಾಗೇ ಬೇಕು ಅಂದರೆ ರಬ್ಬರ್ ಲೇಪನದ ಜಿಪ್ ಇರುವುದು ತಗೊಂಡು, ಡ್ರೋನ್ ಅನ್ನು ಒಂದು ಜಿಪ್ ಪೌಚ್‌ನಲ್ಲಿ ಹಾಕಿ ಒಳಗಿಡಿ. ಡ್ರೋನ್ ಇಳಿಸೋಕೆ ನೆಲಕ್ಕೆ ಹಾಸುವ, ಮಡಿಚುವ ಲ್ಯಾಂಡಿಂಗ್ ಪ್ಯಾಡ್‌ಗೆ ಹೊರಗಡೆ ಜೇಬು ಇರಬೇಕು. ಕೆಂಪು ಹತ್ತಿದ ಪ್ಯಾಡ್ ಒಳಗೆ ಹಾಕಿದರೆ ಉಳಿದದ್ದೆಲ್ಲ ವ್ಯರ್ಥ.

ಪ್ರಶ್ನೆ (ಗಂಗಾವತಿ): ಭಾಳ ಉಪಕಾರ ಆತ್ರಿ ಸರ್. ಒಂದೇ ಒಂದು: ಮುಂದಿನ ತಿಂಗಳು ಒಂದು ಆರ್ಡರಿಗೆ ವಿಮಾನದಾಗ ಹೋಗೋದೈತಿ. ಬ್ಯಾಗ್ ಲಗೇಜಿಗೆ ಹಾಕಬಹುದೇನ್ರಿ?

ಉತ್ತರ: ಡ್ರೋನ್‌ಗೆ ಹಾಕದ ಬಿಡಿ ಬ್ಯಾಟರಿ ಲಗೇಜಿಗೆ ಹಾಕುವ ಹಾಗಿಲ್ಲ, ಕೈಚೀಲದಲ್ಲೇ. 100 ವ್ಯಾಟ್ ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ) ಒಳಗಿನ ಬ್ಯಾಟರಿಗೆ ವಿಶೇಷ ಅನುಮತಿ ಬೇಡ, ನಿಮ್ಮದು ಒಂದೊಂದು 40ರ ಆಸುಪಾಸು. ತುದಿಗಳಿಗೆ ಮುಚ್ಚಳ ಅಥವಾ ಟೇಪ್ ಹಾಕಿ. ಡ್ರೋನ್ ಒಯ್ಯೋಕೆ ನಿಮ್ಮ ವಿಮಾನ ಕಂಪನಿಯ ನಿಯಮ ಏನು, ಕೈಚೀಲದ ಅಳತೆ ಎಷ್ಟು ಅಂತ ಟಿಕೆಟ್ ಮಾಡಿಸುವಾಗಲೇ ಕೇಳಿ. ಅದಾದ ಮೇಲೆ ಬ್ಯಾಗ್ ಕೊಳ್ಳಿರಿ.