160 ಪುಟದ ಆರ್‌ಪಿಜಿ ಪುಸ್ತಕಕ್ಕೆ 450 ರೂಪಾಯಿ ಇಟ್ಟರೆ ಜಾಸ್ತಿಯಾಗುತ್ತದೆಯೇ?

ದಾಳಗಾರ:

ಕನ್ನಡದಲ್ಲೇ ಬರೆದ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದ (ಆರ್‌ಪಿಜಿ: ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಕಟ್ಟುತ್ತ ಆಡುವ ಆಟ) ನಿಯಮ ಪುಸ್ತಕವೊಂದು ಅಚ್ಚಿಗೆ ಹೋಗುವ ಹಂತದಲ್ಲಿದೆ. ಬೆಲೆಯ ಬಗ್ಗೆ ತಂಡದೊಳಗೇ ಒಮ್ಮತ ಇಲ್ಲ. ಬಲ್ಲವರು ಲೆಕ್ಕ ನೋಡಿ ಹೇಳಬೇಕು.

ಡೆಮಿ 1/8 ಅಳತೆ, 160 ಪುಟ, ಸುಮಾರು 38,000 ಪದ. ಒಳಗೆಲ್ಲ ಕಪ್ಪು-ಬಿಳುಪು, 70 ಜಿಎಸ್‌ಎಂ ಕಾಗದ, ಬಣ್ಣದ ಮುಖಪುಟ, ಪರ್ಫೆಕ್ಟ್ ಬೈಂಡಿಂಗ್ (ಬೆನ್ನಿಗೆ ಅಂಟು ಹಾಕಿ ಕಟ್ಟುವುದು). ಮುದ್ರಕರ ಕೊಟೇಶನ್ 300 ಪ್ರತಿಗಾದರೆ ತಲಾ 92 ರೂ., 1,000 ಪ್ರತಿಗಾದರೆ ತಲಾ 54 ರೂ. ಮುಖಪುಟದ ಚಿತ್ರಕ್ಕೆ 9,000, ಒಳಗಿನ 14 ಚಿತ್ರಗಳಿಗೆ ತಲಾ 1,200, ಪುಟವಿನ್ಯಾಸಕ್ಕೆ 8,000, ಸಂಪಾದನೆ ಮತ್ತು ಕರಡು ತಿದ್ದುವುದಕ್ಕೆ 10,000.

“ಇಷ್ಟೇ ದಪ್ಪದ ಕಾದಂಬರಿ 200ಕ್ಕೆ ಸಿಗುವಾಗ ಇದಕ್ಯಾಕೆ 450?” ಅನ್ನುವುದು ಒಂದು ಕಡೆಯವರ ಮಾತು. ಇನ್ನೊಂದು ಕಡೆಯವರು ಈ ಬಗೆಯ ಆಟಗಳಲ್ಲೇ ಹೆಸರಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ (ಡಿ ಅಂಡ್ ಡಿ) 2024ರ ನಿಯಮ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ತೋರಿಸುತ್ತಾರೆ: 384 ಪುಟ, 49.99 ಡಾಲರ್. ಯಾವ ಅಳತೆಗೋಲು ಹಿಡಿಯಬೇಕು? 1,000 ಪ್ರತಿ ಹಾಕಿಸಿ ಬೆಲೆ ಇಳಿಸುವುದು ಒಳ್ಳೆಯದೇ? ಪಿಡಿಎಫ್‌ಗೆ ಎಷ್ಟು ಇಡಬೇಕು?

ಫಾರಂ_ಲೆಕ್ಕ:

ಮೊದಲು ನೀವು ಕೊಟ್ಟ ಅಂಕಿಗಳನ್ನೇ ಕೂಡಿಸೋಣ. ಚಿತ್ರ, ವಿನ್ಯಾಸ, ಸಂಪಾದನೆ ಎಲ್ಲ ಸೇರಿ 43,800. ಒಂದು ಪ್ರತಿ ಹಾಕಿಸಿದರೂ ಸಾವಿರ ಹಾಕಿಸಿದರೂ ಈ ಖರ್ಚು ಇಷ್ಟೇ. 300 ಪ್ರತಿಯ ಮುದ್ರಣಕ್ಕೆ 27,600. ಒಟ್ಟು 71,400 ರೂ.

ಇದನ್ನು 300ರಿಂದ ಭಾಗಿಸಬೇಡಿ, ಹೆಚ್ಚಿನವರು ಎಡವುವುದು ಇಲ್ಲೇ. ಚಿತ್ರಕಾರರಿಗೆ, ಆಟವನ್ನು ಪರೀಕ್ಷಿಸಿ ಕೊಟ್ಟವರಿಗೆ, ವಿಮರ್ಶೆಗೆ ಅಂತ ಗೌರವ ಪ್ರತಿಗಳು ಹೋಗುತ್ತವೆ. 1954ರ ಕಾಯ್ದೆಯಂತೆ ನಾಲ್ಕು ಸಾರ್ವಜನಿಕ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ನಿಮ್ಮ ಖರ್ಚಿನಲ್ಲೇ ಕಳಿಸಬೇಕು. ಬೈಂಡಿಂಗ್ ಕೆಟ್ಟವು, ಅಂಚೆಯಲ್ಲಿ ಮೂಲೆ ಜಜ್ಜಿದವು ಬೇರೆ. 25 ಪ್ರತಿ ಹೀಗೆ ಹೋಯಿತು ಅಂದುಕೊಳ್ಳಿ. ಮಾರಲು ಉಳಿದ 275ರ ಮೇಲೆ ಹಂಚಿದರೆ ತಲಾ 260 ರೂ. 200 ರೂಪಾಯಿ ಬೆಲೆಯ ಮಾತು ಇಲ್ಲಿಗೆ ಮುಗಿಯಿತು. ಒಂದು ಪೈಸೆ ರಿಯಾಯಿತಿ ಕೊಡದೆ ಮಾರಿದರೂ ಪ್ರತಿಯೊಂದಕ್ಕೆ 60 ರೂ. ನಷ್ಟವಾಗುತ್ತದೆ.

ಈಗ 450 ನೋಡಿ. ಅಂಗಡಿಗೆ 40% ರಿಯಾಯಿತಿ ಕೊಟ್ಟರೆ ನಿಮಗೆ ಬರುವುದು 270, ಅಂದರೆ ಪ್ರತಿಗೆ 10 ರೂ. ಉಳಿತಾಯ. ನೇರವಾಗಿ ಮಾರಿದರೆ ಪಾವತಿ ಗೇಟ್‌ವೇಗೆ 2% ಅಂದರೆ 9 ರೂ., ರಟ್ಟು-ಪ್ಯಾಕಿಂಗ್‌ಗೆ 15 ಕಳೆದು 166 ಉಳಿಯುತ್ತದೆ (ಅಂಚೆ ವೆಚ್ಚ ಕೊಳ್ಳುವವರದು ಅಂತ ಲೆಕ್ಕ). ಅರ್ಧ ಅಂಗಡಿಯಲ್ಲಿ, ಅರ್ಧ ನೇರ ಮಾರಾಟ, ಒಂದೂ ಉಳಿಯದಂತೆ ಎಲ್ಲವೂ ಹೋದರೆ ಸುಮಾರು 24,000 ರೂ. ನಿಮ್ಮ ಪಟ್ಟಿಯಲ್ಲಿ ಬರೆದವರ ಸಂಭಾವನೆ ಎಲ್ಲೂ ಇಲ್ಲ. ಈ 24,000ವೇ ಅವರ ಸಂಭಾವನೆ: ಪದಕ್ಕೆ 63 ಪೈಸೆ. ಅಮೆರಿಕದಲ್ಲಿ ಈ ಬಗೆಯ ಪುಸ್ತಕಗಳಿಗೆ ಬರೆಯುವವರಿಗೆ ಪದಕ್ಕೆ 5ರಿಂದ 10 ಸೆಂಟ್ ಸಿಗುವುದು ಸಾಮಾನ್ಯ, ಅದೂ ಕಡಿಮೆಯಾಯಿತು ಅಂತ ಅಲ್ಲಿಯವರ ಅಸಮಾಧಾನ.

ಅಂಗಡಿಯ ಮೂಲಕ ನಷ್ಟವಿಲ್ಲದೆ ಮಾರಲು ಕನಿಷ್ಠ ಬೆಲೆ 260 ÷ 0.6 = 433. ಹಾಗಾಗಿ 450 ದುರಾಸೆಯ ಬೆಲೆಯಲ್ಲ, ಕೆಳಗಿನ ಮಿತಿಗೆ ಅಂಟಿಕೊಂಡಿರುವ ಬೆಲೆ.

ಇನ್ನು 1,000 ಪ್ರತಿ. ತಲಾ 54 ಕೇಳಲು ಚೆನ್ನಾಗಿದೆ. ಆದರೆ ಒಟ್ಟು ಕೈಯಿಂದ ಹೋಗುವುದು 97,800. ಬೆಲೆ 300ಕ್ಕೆ ಇಳಿಸಿ 300 ಪ್ರತಿ ಮಾರಾಟವಾದರೆ, ರಿಯಾಯಿತಿಯೇ ಕೊಡದಿದ್ದರೂ ಬರುವುದು 90,000. ಉಳಿದ 700 ಪ್ರತಿ, ಒಂದಕ್ಕೆ 190 ಗ್ರಾಂ ಹಿಡಿದರೂ 130 ಕಿಲೋ ಮೇಲಾಗುತ್ತದೆ. ಮಳೆಗಾಲದ ಥಂಡಿ ಮತ್ತು ಗೆದ್ದಲಿನಿಂದ ಕಾಪಾಡಿ ಇಡಬೇಕು. ಮೊದಲ 300 ಮುಗಿದ ವೇಗ ನೋಡಿ ಆಮೇಲೆ ಯೋಚಿಸಿ. ಚಿತ್ರ-ವಿನ್ಯಾಸದ ಖರ್ಚು ಎರಡನೇ ಮುದ್ರಣಕ್ಕೆ ಮತ್ತೆ ಬರುವುದಿಲ್ಲ, ಬೆಲೆ ಇಳಿಸುವುದಿದ್ದರೆ ಆಗ ಇಳಿಸಬಹುದು.

ಎರಡು ಸಣ್ಣ ವಿಷಯ. ಪುಸ್ತಕ ಅಚ್ಚಾಗುವುದು 16 ಪುಟಗಳ ಒಂದೊಂದು ಕಟ್ಟಾಗಿ, ಅದನ್ನು ಫಾರಂ ಅನ್ನುತ್ತಾರೆ. 160 ಪುಟ ಅಂದರೆ ಸರಿಯಾಗಿ ಹತ್ತು ಫಾರಂ. ಕೊನೆಗಳಿಗೆಯಲ್ಲಿ ಒಂದು ಕೋಷ್ಟಕ ಸೇರಿಸಿ 163 ಮಾಡಬೇಡಿ, ಖಾಲಿ ಪುಟಗಳಿಗೂ ದುಡ್ಡು ಕೊಡಬೇಕಾಗುತ್ತದೆ. ಕೊಟೇಶನ್‌ನಲ್ಲಿ ಜಿಎಸ್‌ಟಿ ಸೇರಿದೆಯೇ ಅಂತ ಬರಹದಲ್ಲಿ ಕೇಳಿ. ಮುದ್ರಿತ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಅದೇ ಕಾರಣಕ್ಕೆ ಕಾಗದ-ಮುದ್ರಣದ ಮೇಲೆ ನೀವು ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಪಡೆಯುವ ದಾರಿಯೂ ಇಲ್ಲ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಕೇಳುವವರಿಗೆ ಕೊಡಬೇಡಿ, ನಮ್ಮ ದೇಶದಲ್ಲಿ ಅದು ಉಚಿತ.

ಇಪ್ಪತ್ತುಮುಖ:

ಲೆಕ್ಕ ಸರಿಯಾಗಿದೆ. ಆದರೆ ಕೊಳ್ಳುವವರು ನಿಮ್ಮ ಖರ್ಚಿನ ಪಟ್ಟಿ ನೋಡುವುದಿಲ್ಲ, ಪಕ್ಕದಲ್ಲಿರುವ ಪುಸ್ತಕ ನೋಡುತ್ತಾರೆ. ಅದಕ್ಕೂ ಉತ್ತರ ಬೇಕಲ್ಲ.

ಕಾದಂಬರಿಯ ಹೋಲಿಕೆ ಏಕೆ ಹೊಂದುವುದಿಲ್ಲ ಅಂದರೆ, ಕಾದಂಬರಿಯನ್ನು ಓದುವವರು ಒಬ್ಬೊಬ್ಬರೂ ಕೊಳ್ಳಬಹುದು. ಇಲ್ಲಿ ಐವರು ಕೂತು ಆಡಿದರೆ ಕೊಳ್ಳುವುದು ಆಟ ನಡೆಸುವ ಒಬ್ಬರು. ನಿಮ್ಮ ಆಟ ಸಾವಿರ ಜನರಿಗೆ ಇಷ್ಟವಾದರೂ ಮಾರಾಟ ಇನ್ನೂರರ ಆಸುಪಾಸಿನಲ್ಲೇ ನಿಲ್ಲಬಹುದು. ಆ ಒಂದು ಪ್ರತಿ ತಿಂಗಳುಗಟ್ಟಲೆ ಐವರ ಕೈಯಲ್ಲಿ ಓಡಾಡುತ್ತದೆ. 450ನ್ನು ಐವರು ಹಂಚಿಕೊಂಡರೆ ತಲಾ 90 ರೂ.

ನಮ್ಮಲ್ಲಿ ಪುಟಕ್ಕೆ ಇಷ್ಟು ಅಂತ ಬೆಲೆ ಕಟ್ಟುವ ರೂಢಿಗೆ ಪುಟದ ಲೆಕ್ಕದಲ್ಲೇ ನಡೆಯುವ ಗ್ರಂಥಾಲಯದ ಸಗಟು ಖರೀದಿಯೂ ಒಂದು ಕಾರಣ. ಗದ್ಯಕ್ಕೆ ಅದು ನಡೆದೀತು. ನಿಯಮ ಪುಸ್ತಕದಲ್ಲಿ ಕಾಲು ಪುಟದ ಒಂದು ಕೋಷ್ಟಕವನ್ನು ಹತ್ತು ಸಲ ಆಡಿ, ತಿದ್ದಿ, ಮತ್ತೆ ಆಡಿ ಸರಿಮಾಡಿರುತ್ತಾರೆ. ಪುಟದ ಲೆಕ್ಕ ಹಿಡಿದರೆ ಕಡಿಮೆ ಪುಟದಲ್ಲಿ ಚೊಕ್ಕವಾಗಿ ಬರೆದವರಿಗೇ ನಷ್ಟ, ಉದ್ದುದ್ದ ಎಳೆದವರಿಗೆ ಲಾಭ.

ಡಿ ಅಂಡ್ ಡಿಯನ್ನು ಅಳತೆಗೋಲು ಮಾಡಿಕೊಳ್ಳುವುದಂತೂ ಬೇಡವೇ ಬೇಡ. 2014ರಲ್ಲಿ ಐದನೇ ಆವೃತ್ತಿಯ ಪ್ಲೇಯರ್ಸ್ ಹ್ಯಾಂಡ್‌ಬುಕ್ 320 ಪುಟ, 49.95 ಡಾಲರ್. ಹತ್ತು ವರ್ಷದ ನಂತರ 64 ಪುಟ ಜಾಸ್ತಿ, ಬೆಲೆ ಜಾಸ್ತಿಯಾದದ್ದು ನಾಲ್ಕು ಸೆಂಟ್. ಅಮೆರಿಕದ ಹಣದುಬ್ಬರ ಸೇರಿಸಿದರೆ 2014ರ ಆ 49.95 ಡಾಲರ್ 2024ಕ್ಕೆ ಸುಮಾರು 66 ಆಗಬೇಕಿತ್ತು. ಭಾರಿ ಸಂಖ್ಯೆಯಲ್ಲಿ ಮುದ್ರಿಸುವ, ಅದೇ ಪುಸ್ತಕವನ್ನು ಡಿಜಿಟಲ್ ರೂಪದಲ್ಲಿ 29.99ಕ್ಕೆ ಬೇರೆಯಾಗಿ ಮಾರುವ ಕಂಪನಿ ಬೆಲೆಯನ್ನು ಹಾಗೆ ಹಿಡಿದಿಡಬಲ್ಲದು. ಇದರ ಪೆಟ್ಟು ಬೀಳುವುದು ಸಣ್ಣ ಪ್ರಕಾಶಕರಿಗೆ: “ದೊಡ್ಡವರೇ 50ಕ್ಕೆ ಕೊಡುವಾಗ ನಿನ್ನದೇನು?” ಅನ್ನುವ ಮಾತು ಅಲ್ಲೂ ಇದೆ.

ಕಾಲೇಜು ಹುಡುಗರಿಗೆ 450 ಭಾರವೇ, ಅದನ್ನು ಒಪ್ಪುತ್ತೇನೆ. ಅದಕ್ಕೆ ಮೂಲ ಪುಸ್ತಕದ ಬೆಲೆ ಇಳಿಸುವುದು ದಾರಿಯಲ್ಲ. ಪಾತ್ರ ಕಟ್ಟುವ ನಿಯಮಗಳನ್ನಷ್ಟೇ ತೆಗೆದು 32 ಪುಟದ, ಅಂದರೆ ಎರಡು ಫಾರಂನ, ಪಿನ್ ಹೊಡೆದ ಕಿರುಹೊತ್ತಿಗೆ ಮಾಡಿ ಆಟಗಾರರಿಗೆ ಕಡಿಮೆ ಬೆಲೆಗೆ ಕೊಡಿ. ಆಟಗಾರರು ತಮ್ಮ ಪಾತ್ರದ ವಿವರ ಬರೆದುಕೊಳ್ಳುವ ಹಾಳೆ ಉಚಿತವಾಗಿ ಇಳಿಸಿಕೊಳ್ಳುವಂತಿರಲಿ. ಮುಂಗಡ ಕಾಯ್ದಿರಿಸಿದವರಿಗೆ 380 ಮಾಡಿದರೂ ನೇರ ಮಾರಾಟದಲ್ಲಿ ನಿಮಗೆ ಸುಮಾರು 357 ಬರುತ್ತದೆ. ಅಂಥ 78 ಜನ ಸಿಕ್ಕರೆ ಮುದ್ರಣದ ಹಣ ಅಲ್ಲೇ ಬಂತು. ಬಿಡುಗಡೆಯ ದಿನಕ್ಕೆ ಆ ರಿಯಾಯಿತಿ ನಿಲ್ಲಿಸಿ. ಆಮೇಲೂ ಅಂಗಡಿಗಿಂತ ಕಡಿಮೆಗೆ ನೀವೇ ಮಾರುತ್ತಿದ್ದರೆ ಅಂಗಡಿಯವರು ಎರಡನೇ ಸಲ ಪ್ರತಿ ತರಿಸುವುದಿಲ್ಲ.

ಒತ್ತಕ್ಷರ:

ಪಿಡಿಎಫ್ ಬಗ್ಗೆ. ಅಚ್ಚಿನ ಬೆಲೆಯ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಡಬಹುದು, 180 ಸರಿಯೆನಿಸುತ್ತದೆ. ಆದರೆ ಆ ಬೆಲೆಗೆ ತಕ್ಕ ಪಿಡಿಎಫ್ ಕೊಡಬೇಕು. ಆಟದ ಮಧ್ಯೆ “ವಿಷ” ಅಂತ ಹುಡುಕಿದರೆ ಆ ನಿಯಮ ಸಿಗಬೇಕು. ‘ನುಡಿ’ ಅಥವಾ ‘ಶ್ರೀಲಿಪಿ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ವಿನ್ಯಾಸ ಮಾಡಿದರೆ ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಹುಡುಕಾಟ ನಡೆಯುವುದಿಲ್ಲ. ಯೂನಿಕೋಡ್ ಫಾಂಟ್‌ನಲ್ಲೇ ಮಾಡಿಸಿ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್ ಆದರೆ ಅದರಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಅನ್ನುವ ಆಯ್ಕೆ ಆರಿಸಿಕೊಳ್ಳಬೇಕು, ಇಲ್ಲವಾದರೆ ಒತ್ತುಗಳು ಕಳಚಿ ಬೀಳುತ್ತವೆ. ಅಧ್ಯಾಯಗಳಿಗೆ ಬುಕ್‌ಮಾರ್ಕ್, “ಪುಟ 84 ನೋಡಿ” ಅನ್ನುವ ಕಡೆಯಲ್ಲೆಲ್ಲ ಕೊಂಡಿ. ಇಷ್ಟಿದ್ದರೆ 180ಕ್ಕೆ ಯಾರೂ ಬೇಸರಪಡುವುದಿಲ್ಲ. ವಿನ್ಯಾಸಕ್ಕೆ 8,000 ಅಂದಿದ್ದೀರಿ, ಈ ಕೆಲಸ ಅದರಲ್ಲಿ ಸೇರಿದೆಯೇ ಅಂತ ಈಗಲೇ ಮಾತಾಡಿಕೊಳ್ಳಿ.

ಅಚ್ಚಿನ ಪ್ರತಿ ಕೊಂಡವರಿಗೆ ಪಿಡಿಎಫ್ ಉಚಿತವಾಗಿ ಕೊಡಿ. ಅಂಗಡಿಯಲ್ಲಿ ಕೊಂಡವರಿಗೂ ಅದು ಸಿಗಬೇಕು ಅಂತ 2010ರಿಂದ ಬಿಟ್ಸ್ ಅಂಡ್ ಮಾರ್ಟರ್ ಅನ್ನುವ ಏರ್ಪಾಡೇ ಇದೆ.

ಮಾರುವ ಜಾಗ: ಈ ಬಗೆಯ ಆಟಗಳ ಆನ್‌ಲೈನ್ ಮಳಿಗೆ ಡ್ರೈವ್‌ಥ್ರೂಆರ್‌ಪಿಜಿಯಲ್ಲಿ ಮಾತ್ರ ಮಾರುತ್ತೇನೆ ಅಂದರೆ ನಿಮಗೆ 70%, ಬೇರೆ ಕಡೆಯೂ ಮಾರಿದರೆ 65%. ಇಂಥದ್ದೇ ಇನ್ನೊಂದು ತಾಣ ಇಚ್ ಡಾಟ್ ಐಓದಲ್ಲಿ ಅವರ ಪಾಲು ಎಷ್ಟು ಅಂತ ನೀವೇ ಹೇಳುತ್ತೀರಿ, ಬದಲಿಸದಿದ್ದರೆ 10%. ಅಲ್ಲಿನ ಒಂದು ಒಳ್ಳೆಯ ರೂಢಿ ಸಮುದಾಯ ಪ್ರತಿಗಳು: ಒಬ್ಬರು ಪೂರ್ತಿ ಬೆಲೆ ಕೊಟ್ಟು ಕೊಂಡಾಗ ಕೊಳ್ಳಲಾಗದ ಇನ್ನೊಬ್ಬರಿಗೆ ಒಂದು ಉಚಿತ ಪ್ರತಿ ಸೇರಿಸುವುದು. ಎಲ್ಲರಿಗೂ ಬೆಲೆ ಇಳಿಸುವುದಕ್ಕಿಂತ ಇದು ಮೇಲು.

ದಾಳಗಾರ:

ವಿನ್ಯಾಸದವರನ್ನು ಕೇಳಿದೆ, ಕೊಂಡಿಗಳ ಕೆಲಸ ಸೇರಿರಲಿಲ್ಲ. 3,000 ಜಾಸ್ತಿ ಹೇಳಿದ್ದಾರೆ. ಹಾಗಾದರೆ 450ರಲ್ಲಿ ಅಂಗಡಿಯ ಉಳಿತಾಯ ಪೂರಾ ಹೋಗುತ್ತದಲ್ಲ? ಅಮೆರಿಕದ ಕನ್ನಡಿಗರು ಕೆಲವರು ಅಚ್ಚಿನ ಪ್ರತಿಯೇ ಬೇಕು ಅನ್ನುತ್ತಿದ್ದಾರೆ, ಅವರಿಗೆ ಏನು ಬೆಲೆ?

ಫಾರಂ_ಲೆಕ್ಕ:

3,000ನ್ನು 275ಕ್ಕೆ ಹಂಚಿದರೆ ಪ್ರತಿಗೆ 11 ರೂ., ಅಂಗಡಿ ಪ್ರತಿಯಲ್ಲಿ ಒಂದು ರೂಪಾಯಿ ನಷ್ಟ. ಆದರೆ ಆ ಖರ್ಚು ಪಿಡಿಎಫ್‌ನದು, ಅಲ್ಲೇ ಹಾಕಿ. 180ರಲ್ಲಿ 65% ಅಂದರೆ 117. 26 ಪಿಡಿಎಫ್ ಮಾರಿದರೆ ತೀರಿತು. ಮುಖಬೆಲೆ 450ರಲ್ಲೇ ಇರಲಿ.

ವಿದೇಶಕ್ಕೆ ಒಂದೊಂದೇ ಪ್ರತಿ ಅಂಚೆಯಲ್ಲಿ ಕಳಿಸಿದರೆ ಸಾಗಣೆ ಪುಸ್ತಕದ ಬೆಲೆಯನ್ನೇ ಮೀರುತ್ತದೆ. ಡ್ರೈವ್‌ಥ್ರೂನಲ್ಲೇ ಬೇಡಿಕೆಗೆ ತಕ್ಕ ಮುದ್ರಣ ಇದೆ, ಅಂದರೆ ಯಾರಾದರೂ ಕೊಂಡಾಗಷ್ಟೇ ಪ್ರತಿ ಅಚ್ಚು ಹಾಕಿ ಕಳಿಸುವುದು. ನಿಮ್ಮ ಬೆಲೆಯಿಂದ ಮುದ್ರಣದ ಖರ್ಚು ಕಳೆದು ಉಳಿದದ್ದರಲ್ಲಿ ನಿಮ್ಮ ಪಾಲು ಬರುತ್ತದೆ. ಆದ್ದರಿಂದ ಅಲ್ಲಿನ ಬೆಲೆಯನ್ನು ರೂಪಾಯಿಯಿಂದ ಪರಿವರ್ತಿಸಬೇಡಿ: ಮೊದಲು ಅವರ ಮುದ್ರಣ ಖರ್ಚು ನೋಡಿ, ಪಿಡಿಎಫ್‌ನಲ್ಲಿ ಉಳಿಯುವಷ್ಟೇ ಇಲ್ಲೂ ಉಳಿಯುವಂತೆ ಡಾಲರ್ ಬೆಲೆ ಇಡಿ. ಕಡತ ಮುದ್ರಣಕ್ಕೆಂದೇ ಇರುವ ಪಿಡಿಎಫ್/ಎಕ್ಸ್-1ಎ ಮಾದರಿಯಲ್ಲಿರಬೇಕು, ಫಾಂಟ್ ಎಲ್ಲ ಒಳಗೇ ಸೇರಿರಬೇಕು. ಮಾರಾಟಕ್ಕೆ ಬಿಡುವ ಮೊದಲು ಒಂದು ಮಾದರಿ ಪ್ರತಿ ತರಿಸಿ, ಒತ್ತಕ್ಷರ ದಟ್ಟವಾಗಿರುವ ಕೋಷ್ಟಕದ ಪುಟಗಳನ್ನು ಒಂದೊಂದಾಗಿ ನೋಡಿ. ಬೆನ್ನಿನ ಅಂಚಿಗೆ ಕನಿಷ್ಠ 18 ಮಿಲಿಮೀಟರ್ ಬಿಟ್ಟಿಲ್ಲದಿದ್ದರೆ ಕೋಷ್ಟಕದ ಒಳಗಿನ ಕಾಲಂ ಬೈಂಡಿಂಗ್‌ನ ಮಡಿಕೆಯೊಳಗೆ ಹೋಗಿಬಿಡುತ್ತದೆ.