ಹಳೆಯ ರನ್‌ಗೆ ಯಾವ ಗೇನ್ ಹಾಕಿದ್ದೆವು ಅಂತ ಆಮೇಲೆ ತಿಳಿಯೋದು ಹೇಗೆ?

ಹರಳು64 ಕೇಳಿದ್ದು:

ನಮ್ಮದು ಕೆಲವು ಗುಂಪುಗಳು ಸೇರಿ ನಡೆಸುತ್ತಿರುವ ಸಣ್ಣ ಪ್ರಯೋಗ. ವಿಕಿರಣ ಬಿದ್ದರೆ ಮಿನುಗುವ 64 ಸೋಡಿಯಂ ಅಯೋಡೈಡ್ ಹರಳುಗಳಿವೆ, ಒಂದೊಂದಕ್ಕೂ ಆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಹಿಗ್ಗಿಸುವ ಒಂದು ಫೋಟೋಮಲ್ಟಿಪ್ಲೈಯರ್. ಹೀಗೆ 64 ಚಾನೆಲ್. ಒಂದು ಸಲ ಶುರು ಮಾಡಿ ನಿಲ್ಲಿಸುವವರೆಗೆ ತೆಗೆದ ಡೇಟಾಗೆ ಒಂದು ರನ್ ಅನ್ನುತ್ತೇವೆ. ಆಗಾಗ ಶಕ್ತಿ ಗೊತ್ತಿರುವ ಗಾಮಾ ಕಿರಣ ಸೂಸುವ ಸೀಸಿಯಂ-137, ಕೋಬಾಲ್ಟ್-60 ಇಟ್ಟು ಕ್ಯಾಲಿಬ್ರೇಷನ್ ಮಾಡುತ್ತೇವೆ. ಬಂದ ಗೇನ್ (ಚಾನೆಲ್ ಸಂಕೇತವನ್ನು ಎಷ್ಟು ಹಿಗ್ಗಿಸುತ್ತದೆ ಅನ್ನುವ ಅಂಕಿ), ಆಫ್‌ಸೆಟ್ ಎಲ್ಲ ಒಂದು ಸಿಎಸ್‌ವಿ ಫೈಲಿಗೆ ಹೋಗುತ್ತವೆ. ಫೈಲು ಎಲ್ಲರ ಕೈಗೂ ಸಿಗುವ ಫೋಲ್ಡರಿನಲ್ಲಿದೆ. ಅಲ್ಲಿ ‘ಗೇನ್_ಫೈನಲ್’ ಇದೆ, ‘ಗೇನ್_ಫೈನಲ್_2’ ಇದೆ, ‘ಗೇನ್_ಹೊಸದು_ಇದನ್ನೇ_ಬಳಸಿ’ ಕೂಡ ಇದೆ.

ಈಗ ಆಗಿರುವುದು ಇಷ್ಟು. ಇಬ್ಬರು ರನ್ 312 ಅನ್ನು ಒಂದೇ ಕೋಡಿನಲ್ಲಿ ಓಡಿಸಿದರು. ಚಾನೆಲ್ 17ರಲ್ಲಿ ಸೀಸಿಯಂ ಪೀಕ್ ಒಬ್ಬರಿಗೆ ಇರಬೇಕಾದ 662 ಕೆಇವಿಯಲ್ಲೇ (ಕಿಲೋ ಎಲೆಕ್ಟ್ರಾನ್ ವೋಲ್ಟ್) ಬಂತು, ಇನ್ನೊಬ್ಬರಿಗೆ 671ರಲ್ಲಿ. ಹುಡುಕಿದಾಗ ಗೊತ್ತಾಯಿತು, ನಡುವೆ ಯಾರೋ ಆ ಚಾನೆಲ್ಲನ್ನು ಮತ್ತೆ ಫಿಟ್ ಮಾಡಿ (ಪೀಕಿಗೆ ಗೆರೆ ಹೊಂದಿಸಿ) ಅದೇ ಫೈಲಿನ ಮೇಲೆ ಉಳಿಸಿದ್ದಾರೆ. ಹೊಸ ಫಿಟ್ಟೇ ಚೆನ್ನಾಗಿದೆ, ಅದರಲ್ಲಿ ತಕರಾರಿಲ್ಲ. ಆದರೆ ಹಳೆಯ ಫೈಲಿನಿಂದ ಮಾಡಿದ ಗ್ರಾಫ್‌ಗಳು ಆಗಲೇ ಎಲ್ಲರಿಗೂ ಹೋಗಿವೆ. ಅವನ್ನು ಮತ್ತೆ ಹಾಗೇ ತೆಗೆಯಲು ಆಗುತ್ತಿಲ್ಲ. ಫೈಲಿನ ಪ್ರತಿ ಬದಲಾವಣೆಯನ್ನೂ ನೆನಪಿಡುವ ಗಿಟ್ ಸಾಕಾ, ಡೇಟಾಬೇಸ್ ಬೇಕಾ?

ಬೀಮ್‌ಲೈನ್:

ಗಿಟ್ ಸಾಕು. 64 ಚಾನೆಲ್ಲಿನ ಸಿಎಸ್‌ವಿ ಎಂದರೆ ಕೆಲವೇ ಕಿಲೋಬೈಟ್. ರೆಪೊಸಿಟರಿಯಲ್ಲಿ ಹಾಕಿ, ನೇರವಾಗಿ ಯಾರೂ ಪುಷ್ ಮಾಡದ ಹಾಗೆ ಬೀಗ ಹಾಕಿ, ಔಟ್‌ಪುಟ್ ಫೈಲಿನೊಳಗೆ ಕಮಿಟ್ ಹ್ಯಾಶ್ (ಆ ಆವೃತ್ತಿಯ ಗುರುತು) ಬರೆಯಿರಿ. ಎಲ್‌ಎಚ್‌ಸಿಬಿಯಂಥ ಯುರೋಪಿನ ಸರ್ನ್ ಪ್ರಯೋಗಾಲಯದ ದೊಡ್ಡ ಪ್ರಯೋಗವೇ ತನ್ನ ಕಂಡೀಷನ್ಸ್ ಡೇಟಾಬೇಸನ್ನು (ಇಂಥ ಕ್ಯಾಲಿಬ್ರೇಷನ್ ಮೌಲ್ಯಗಳನ್ನು ಇಡುವ ಜಾಗ) ಗಿಟ್ ಮೇಲೆ ಕಟ್ಟಿಕೊಂಡಿದೆ.

ಪೆಡೆಸ್ಟಲ್:

ಬೀಮ್‌ಲೈನ್ ಹೇಳಿದ್ದಕ್ಕೆ ನನ್ನ ವಿರೋಧವಿಲ್ಲ. ಆದರೆ ಗಿಟ್ಟೋ ಡೇಟಾಬೇಸೋ ಅನ್ನುವುದನ್ನು ಆಮೇಲೆ ನೋಡೋಣ. ಕ್ಯಾಲಿಬ್ರೇಷನ್ನಿಗೆ ಎರಡು ಕಾಲಗಳಿವೆ, ನಿಮ್ಮ ಫೋಲ್ಡರಿನಲ್ಲಿ ಅವೆರಡೂ ಕಲಸಿಹೋಗಿವೆ. ಮೊದಲು ಅದನ್ನು ಬಿಡಿಸಿಕೊಳ್ಳಿ.

ಒಂದು, ಈ ಗೇನ್ ಯಾವ ರನ್ನಿನಿಂದ ಯಾವ ರನ್ನಿನವರೆಗೆ ಸಲ್ಲುತ್ತದೆ ಅನ್ನುವುದು. ಎರಡು, ಇದನ್ನು ಯಾವತ್ತು ಬರೆದದ್ದು ಅನ್ನುವುದು. ರನ್ 312 ಮಾರ್ಚಿನದು, ಚಾನೆಲ್ 17ರ ಹೊಸ ಫಿಟ್ ಜೂನಿನದು ಅಂತ ಇಟ್ಟುಕೊಳ್ಳಿ. ಆ ಫಿಟ್ ಸಲ್ಲುವುದು ಮಾರ್ಚಿನ ಡೇಟಾಗೇ. ಆದರೆ ಮೇ ತಿಂಗಳಲ್ಲಿ ಗ್ರಾಫ್ ತೆಗೆದವರಿಗೆ ಅದು ಸಿಕ್ಕಿರಲು ಸಾಧ್ಯವೇ ಇಲ್ಲ, ಅಲ್ವಾ? ಗಿಟ್ಟಿನ ಇತಿಹಾಸ ಎರಡನೆಯ ಕಾಲವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮೊದಲನೆಯದನ್ನು ನೀವೇ ಬರೆಯಬೇಕು, ಅದು ಫೈಲಿನ ಹೆಸರಿನಲ್ಲಿ ಅಲ್ಲ, ಫೈಲಿನ ಒಳಗಿರಬೇಕು.

ಅಮೆರಿಕದ ಜೆಫರ್ಸನ್ ಲ್ಯಾಬಿನ ಗ್ಲೂಎಕ್ಸ್ ಪ್ರಯೋಗ ಬಳಸುವ ಸಿಸಿಡಿಬಿ ಅನ್ನುವ ಕ್ಯಾಲಿಬ್ರೇಷನ್ ಡೇಟಾಬೇಸನ್ನು ಒಮ್ಮೆ ನೋಡಿ. ಅಲ್ಲಿ ಒಂದು ಮೌಲ್ಯ ಬೇಕೆಂದರೆ ನಾಲ್ಕು ವಿಷಯ ಹೇಳಬೇಕು: ಯಾವ ಟೇಬಲ್, ಯಾವ ರನ್, ಯಾವ ವೇರಿಯೇಷನ್ (ಬೇರೆ ಬೇರೆ ಉಪಯೋಗಕ್ಕೆ ಇಟ್ಟ ಮೌಲ್ಯಗಳ ಕವಲು), ಯಾವ ದಿನಾಂಕಕ್ಕೆ ಇದ್ದ ಸ್ಥಿತಿ. ದಿನಾಂಕ ಹೇಳದಿದ್ದರೆ ಇತ್ತೀಚಿನದು ಬರುತ್ತದೆ. ಮೇ 15 ಅಂತ ಹೇಳಿದರೆ ಜೂನಿನ ಫಿಟ್ ಕಣ್ಣಿಗೇ ಬೀಳುವುದಿಲ್ಲ, ಹಳೆಯ ಗ್ರಾಫ್ ಹಾಗೇ ಮತ್ತೆ ಬರುತ್ತದೆ. ತಿದ್ದುವುದು ಅಂದರೆ ಅಲ್ಲಿ ಇನ್ನೊಂದು ಸಾಲು ಸೇರಿಸುವುದು. ಹಳೆಯ ಸಾಲನ್ನು ಯಾರೂ ಮುಟ್ಟುವುದಿಲ್ಲ. ನಿಮ್ಮ ಒಂದು ಸಾಲು ಹೀಗಿರಬಹುದು:

ರನ್ 298–340 | ಡೀಫಾಲ್ಟ್ | ಬರೆದದ್ದು ಜೂನ್ 9 | ಬರೆದವರ ಹೆಸರು | “ಚಾನೆಲ್ 17 ಮಾತ್ರ. ಮೂಲ ರನ್ 301. ಕೋಬಾಲ್ಟಿನ 1173, 1332 ಪೀಕ್‌ಗಳನ್ನು ಬ್ಯಾಕ್‌ಗ್ರೌಂಡ್ ಕಳೆದು ಮತ್ತೆ ಫಿಟ್ ಮಾಡಿದೆ. ಮೊದಲಿನ ಫಿಟ್ 1332ರ ಬದಲು ಪಕ್ಕದ 1461ರ ಪೊಟ್ಯಾಸಿಯಂ ಪೀಕನ್ನು ಹಿಡಿದಿತ್ತು.”

ಆ ಕೊನೆಯ ಅಂಕಣದ ಬಗ್ಗೆ ನನಗೆ ತುಂಬಾ ಹಟ. ‘ಅಪ್‌ಡೇಟ್ ಮಾಡಿದೆ’ ಅಂತ ಬರೆದಿರುವ ಟಿಪ್ಪಣಿಗಳನ್ನು ಎಷ್ಟೋ ನೋಡಿದ್ದೇನೆ. ಬರೆದವರು ಓದು ಮುಗಿಸಿ ಬೇರೆ ಊರಿಗೆ ಹೋಗಿರುತ್ತಾರೆ. ಆ ಸಂಖ್ಯೆಯನ್ನು ನಂಬಬೇಕೋ ಬಿಡಬೇಕೋ ಅಂತ ಉಳಿದವರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಏಕೆ ಬದಲಾಯಿಸಿದ್ದು, ಯಾವ ರನ್ನಿನಿಂದ ಬಂದದ್ದು, ಇವೆರಡು ಇಲ್ಲದ ಸಾಲನ್ನು ಒಳಗೆ ಬಿಡಲೇಬೇಡಿ.

ಇನ್ನು ಟ್ಯಾಗ್. ಗೇನ್, ಪೆಡೆಸ್ಟಲ್ (ಸಂಕೇತ ಇಲ್ಲದಾಗಲೂ ಬರುವ ಅಂಕಿ), ಟೈಮಿಂಗ್ ಎಲ್ಲದರ ಒಂದೊಂದು ಆವೃತ್ತಿಯನ್ನು ಆರಿಸಿ, ಒಟ್ಟಿಗೆ ಕಟ್ಟಿ ಒಂದು ಹೆಸರು ಕೊಡುವುದು. ಇದಕ್ಕೆ ಗ್ಲೋಬಲ್ ಟ್ಯಾಗ್ ಅನ್ನುತ್ತಾರೆ. ಜಪಾನಿನ ಬೆಲ್ಲೆ 2 ಪ್ರಯೋಗದಲ್ಲಿ ಟ್ಯಾಗ್ ಮೊದಲು ‘ಓಪನ್’ ಆಗಿರುತ್ತದೆ, ಪರೀಕ್ಷೆಯೆಲ್ಲ ಮುಗಿದ ಮೇಲೆ ‘ಪಬ್ಲಿಶ್ಡ್’. ಆಮೇಲೆ ಅದರೊಳಗೆ ಏನನ್ನೂ ತಿದ್ದುವ ಹಾಗಿಲ್ಲ. ಡೇಟಾ ಬರುತ್ತಿರುವಾಗ ಬಳಸುವ ಟ್ಯಾಗಿಗೆ ಬೇರೆ ನಿಯಮ: ಹೊಸ ರನ್‌ಗಳಿಗೆ ಸೇರಿಸಬಹುದು, ಹಳೆಯ ರನ್‌ಗಳ ಮೌಲ್ಯ ಬದಲಾಗಬಾರದು. ನೀವೂ ಇವೆರಡನ್ನು ಬೇರೆಬೇರೆ ಇಡಿ. ಗ್ರಾಫ್ ಹೊರಗೆ ಹೋಗಬೇಕಾದರೆ ಅದು ಮುಚ್ಚಿದ ಟ್ಯಾಗಿನಿಂದಲೇ ಬಂದಿರಬೇಕು, ಟ್ಯಾಗಿನ ಹೆಸರು ಹಿಸ್ಟೋಗ್ರಾಂ ಫೈಲಿನ ಒಳಗೇ ಇರಬೇಕು. ಹ್ಯಾಶ್ ಬರೆಯಲು ಬೀಮ್‌ಲೈನ್ ಹೇಳಿದ್ದೂ ಇದಕ್ಕೇ.

ಹರಳು64:

ಧನ್ಯವಾದ ಮೇಡಂ. ಎರಡು ಕಾಲದ ವಿಷಯ ಈಗ ತಲೆಗೆ ಹೋಯಿತು. ಇನ್ನೆರಡು ಕೇಳಲಾ? ಒಮ್ಮೊಮ್ಮೆ ರನ್ ನಡೆಯುತ್ತಿರುವಾಗಲೇ ಶಿಫ್ಟಿನಲ್ಲಿರುವವರು ಹೈವೋಲ್ಟೇಜ್ ಸ್ವಲ್ಪ ಏರಿಸುತ್ತಾರೆ. ಆಗ ರನ್ ನಂಬರ್ ಮೇಲೆ ವ್ಯಾಪ್ತಿ ಬರೆದರೆ ಅರ್ಧ ರನ್ ತಪ್ಪಾಗುತ್ತದಲ್ಲ? ಮತ್ತೆ, ಸಿಮ್ಯುಲೇಷನ್‌ಗೂ ಇದೇ ಗೇನ್ ಹಾಕಬೇಕಾ?

ಪೆಡೆಸ್ಟಲ್:

ವೋಲ್ಟೇಜಿನ ವಿಷಯದಲ್ಲಿ ‘ಸ್ವಲ್ಪ’ ಅನ್ನುವ ಮಾತೇ ಇಲ್ಲ. ಫೋಟೋಮಲ್ಟಿಪ್ಲೈಯರಿನ ಗೇನ್ ಸುಮಾರಾಗಿ ವೋಲ್ಟೇಜಿನ ಏಳನೇ ಘಾತದಂತೆ ಏರುತ್ತದೆ. ಟ್ಯೂಬ್ ಟ್ಯೂಬಿಗೆ ಈ ಅಂಕಿ ಬದಲಾಗುತ್ತದೆ, ಆದರೂ ವೋಲ್ಟೇಜ್ ಶೇ. 1 ಏರಿದರೆ ಗೇನ್ ಶೇ. 7ರ ಆಸುಪಾಸಿನಲ್ಲಿ ಸರಿಯಿತು ಅಂತಲೇ ಲೆಕ್ಕ. 662ರ ಪೀಕ್ 708ಕ್ಕೆ ಹೋಗಿ ಕೂರುತ್ತದೆ. ಅದಕ್ಕೆ ನನ್ನ ಸಲಹೆ ಸರಳ: ವೋಲ್ಟೇಜ್ ಮುಟ್ಟುವ ಮುಂಚೆ ರನ್ ನಿಲ್ಲಿಸಿ, ಮುಟ್ಟಿದ ಮೇಲೆ ಹೊಸ ರನ್ ಶುರು ಮಾಡಿ. ಇದನ್ನು ಡೇಟಾ ತೆಗೆಯುವ ಸಾಫ್ಟ್‌ವೇರೇ ಮಾಡುವಂತಿದ್ದರೆ ಇನ್ನೂ ಒಳ್ಳೆಯದು, ರಾತ್ರಿ ಶಿಫ್ಟಿನವರ ನೆನಪಿಗೆ ಬಿಡಬೇಡಿ.

ರನ್ನಿನ ಒಳಗೇ ತಾನಾಗಿ ಬದಲಾಗುವಂಥದ್ದಕ್ಕೆ ರನ್ ನಂಬರ್ ಸಾಲದು. ಸಿಎಂಎಸ್‌ನ (ಇದೂ ಸರ್ನ್ ಪ್ರಯೋಗವೇ) ಕ್ಯಾಲರಿಮೀಟರಿನಲ್ಲಿ, ಅಂದರೆ ಕಣಗಳ ಶಕ್ತಿ ಅಳೆಯುವ ಭಾಗದಲ್ಲಿ, 75,848 ಲೆಡ್ ಟಂಗ್‌ಸ್ಟೇಟ್ ಹರಳುಗಳಿವೆ. ವಿಕಿರಣ ಬಿದ್ದಂತೆ ಅವು ಮಂಕಾಗುತ್ತವೆ, ಬೀಮ್ ನಿಂತಾಗ ಸ್ವಲ್ಪ ಚೇತರಿಸಿಕೊಳ್ಳುತ್ತವೆ. ಲೇಸರ್ ಹಾಯಿಸಿ ಸುಮಾರು 40 ನಿಮಿಷಕ್ಕೊಮ್ಮೆ ಎಲ್ಲವನ್ನೂ ಅಳೆಯುತ್ತಾರೆ. ಪೂರ್ತಿ ರೀಕನ್‌ಸ್ಟ್ರಕ್ಷನ್ನನ್ನು (ಕಚ್ಚಾ ಡೇಟಾದಿಂದ ಕಣಗಳ ವಿವರ ಕಟ್ಟುವ ಕೆಲಸ) ಸುಮಾರು 48 ಗಂಟೆ ತಡೆದು ಶುರು ಮಾಡುವುದೂ ಇಂಥ ಮೌಲ್ಯಗಳು ಮೊದಲು ಬಂದು ಸೇರಲಿ ಅಂತಲೇ. ನಿಮಗೆ ಅಷ್ಟೆಲ್ಲ ಬೇಡ. ಕೋಣೆಯ ತಾಪಮಾನ ಜಾಸ್ತಿ ಏರಿಳಿಯುತ್ತಿದ್ದರೆ ಮಾತ್ರ ರನ್ ಬದಲು ಟೈಮ್‌ಸ್ಟ್ಯಾಂಪ್ ಮೇಲೆ ವ್ಯಾಪ್ತಿ ಬರೆಯುವ ಯೋಚನೆ ಮಾಡಿ. ಥರ್ಮಾಮೀಟರಿನ ಓದುಗಳನ್ನೇ ಗೇನ್ ಟೇಬಲ್ಲಿಗೆ ತುಂಬಬೇಡಿ, ಅವಕ್ಕೆ ಬೇರೆ ಜಾಗವಿರಲಿ.

ಸಿಮ್ಯುಲೇಷನ್ನಿಗೆ ಬೇರೆ ವೇರಿಯೇಷನ್ ಮಾಡಿ. ಸಿಸಿಡಿಬಿಯಲ್ಲಿ ಮಗು ವೇರಿಯೇಷನ್ನಿನಲ್ಲಿ ಇಲ್ಲದ್ದು ತಾಯಿ ವೇರಿಯೇಷನ್ನಿನಿಂದ ಬರುತ್ತದೆ. ಹಾಗಾಗಿ ಸತ್ತ ಚಾನೆಲ್‌ಗಳ ಪಟ್ಟಿ ಡೇಟಾದ್ದೇ ಇರಲಿ, ಗೇನ್ ಮತ್ತು ರೆಸಲ್ಯೂಷನ್ ಮಾತ್ರ ಸಿಮ್ಯುಲೇಷನ್ನಿನದು ಬೇರೆ ಬರೆಯಿರಿ.

ಕ್ಯೂ_ಜಾಬ್:

ಒಂದು ಮಾತು ಸೇರಿಸುತ್ತೇನೆ. ಕ್ಲಸ್ಟರಿನಲ್ಲಿ ಸಾವಿರ ಜಾಬ್ ಒಟ್ಟಿಗೆ ಹೋಗಿ ಒಂದೇ ಡೇಟಾಬೇಸಿನ ಬಾಗಿಲು ಬಡಿದರೆ ಅದು ಮಲಗಿಬಿಡುತ್ತದೆ. ಸಿಎಂಎಸ್, ಅಟ್ಲಾಸ್ ಇದಕ್ಕೇ ನಡುವೆ ಸ್ಕ್ವಿಡ್ ಕ್ಯಾಶ್ (ಒಮ್ಮೆ ಬಂದ ಉತ್ತರವನ್ನು ಇಟ್ಟುಕೊಂಡು ಮುಂದಿನವರಿಗೆ ಕೊಡುವ ಸರ್ವರ್) ಇಟ್ಟಿವೆ. ನಿಮ್ಮ ಗಾತ್ರಕ್ಕೆ ಮುಚ್ಚಿದ ಟ್ಯಾಗನ್ನು ಒಂದು ಎಸ್‌ಕ್ಯೂಲೈಟ್ ಫೈಲಾಗಿ (ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿ) ತೆಗೆದು, ಟ್ಯಾಗಿನ ಹೆಸರನ್ನೇ ಫೈಲಿಗಿಟ್ಟು, ಓದಲು ಮಾತ್ರ ಬರುವಂತೆ ಮಾಡಿ ಪ್ರತಿ ಜಾಬ್ ಜೊತೆ ಕಳಿಸಿದರೆ ಸಾಕು. ನೆಟ್‌ವರ್ಕ್ ಬಿದ್ದರೂ ಜಾಬ್ ನಡೆಯುತ್ತದೆ. ‘ಇತ್ತೀಚಿನದು’ ಅಂತ ಕೇಳುವ ಜಾಬನ್ನು ಕ್ಲಸ್ಟರಿಗೆ ಬಿಡಬೇಡಿ. ಮೊದಲ ಜಾಬಿಗೂ ಕೊನೆಯ ಜಾಬಿಗೂ ನಡುವೆ ಯಾರಾದರೂ ಹೊಸ ಸಾಲು ಸೇರಿಸಿದರೆ ಒಂದೇ ಹಿಸ್ಟೋಗ್ರಾಂನಲ್ಲಿ ಎರಡು ಗೇನ್ ಬೆರೆಯುತ್ತವೆ.